ಕಾರಣ ಹೇಳದೆ ಸತಾಯಿಸುವ ಮೊಬೈಲ್: ಮನೆಯಲ್ಲೇ ಮೂಲ ಹುಡುಕುವ ಬಗೆ

ಕಳೆದ ಮಳೆಗಾಲದ ಒಂದು ರಾತ್ರಿ ಸಾಗರದ ಹತ್ತಿರದ ಹಳ್ಳಿಯಿಂದ ಚಿಕ್ಕಮ್ಮ ಕರೆ ಮಾಡಿದರು, ಅದೂ ಚಿಕ್ಕಪ್ಪನ ಫೋನಿನಿಂದ. ಅವರ ಮೊಬೈಲ್ ತಾನಾಗಿ ಆ್ಯಪ್‌ಗಳನ್ನು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಸಾಲದ್ದಕ್ಕೆ ರಾತ್ರಿ ಹತ್ತೂವರೆಗೆ ಊರಿನ ಪುರೋಹಿತರಿಗೆ ಎರಡು ಸಲ ಕರೆಯನ್ನೂ ಮಾಡಿತ್ತು. ಯಾರೋ ಹ್ಯಾಕ್ ಮಾಡಿದ್ದಾರೆ ಎಂದು ಮನೆಯವರೆಲ್ಲ ತೀರ್ಮಾನಿಸಿಯಾಗಿತ್ತು. ಪಕ್ಕದ ಮನೆಯ ಹುಡುಗ ಫ್ಯಾಕ್ಟರಿ ರೀಸೆಟ್ ಮಾಡಲು, ಅಂದರೆ ಒಳಗಿನದನ್ನೆಲ್ಲ ಅಳಿಸಿ ಫೋನನ್ನು ಹೊಸದರಂತೆ ಮಾಡಲು, ಸಜ್ಜಾಗಿ ಕುಳಿತಿದ್ದ. ನಾನು ಕೇಳಿದ್ದು ಒಂದೇ ಪ್ರಶ್ನೆ: “ಚಿಕ್ಕಮ್ಮ, ಫೋನ್ ಈಗ ಚಾರ್ಜಿಗೆ ಹಾಕಿದೆಯೇ?” ಹಾಕಿತ್ತು. ವೈರ್ ಕಿತ್ತ ಮರುಕ್ಷಣ ದೆವ್ವ ಇಳಿಯಿತು.

ಪರದೆಯ ಗಾಜಿನ ಅಡಿಯಲ್ಲಿ ಕಣ್ಣಿಗೆ ಕಾಣದ ವಾಹಕ ಗೆರೆಗಳ ಬಲೆ ಇರುತ್ತದೆ. ಬೆರಳು ತಾಗಿದಾಗ ಅಲ್ಲಿನ ವಿದ್ಯುತ್ ಕ್ಷೇತ್ರ ಕೂದಲೆಳೆಯಷ್ಟು ಬದಲಾಗುತ್ತದೆ. ಫೋನು ಅಳೆಯುವುದು ಆ ಬದಲಾವಣೆಯನ್ನು. 230 ವೋಲ್ಟಿನ ಮನೆ ವಿದ್ಯುತ್ತನ್ನು 5 ವೋಲ್ಟಿಗೆ ಇಳಿಸುವ ಚಾರ್ಜರ್ ಕಳಪೆಯಾಗಿದ್ದರೆ, ಅದರಿಂದ ಹರಿಯುವ ವಿದ್ಯುತ್ತಿನಲ್ಲಿ ಸದಾ ಒಂದು ಕಲಕಾಟ ಉಳಿದುಬಿಡುತ್ತದೆ. ಪರದೆ ಆ ಕಲಕಾಟವನ್ನೇ ಬೆರಳೆಂದು ತಿಳಿಯುತ್ತದೆ. ಚಿಕ್ಕಮ್ಮನ ಚಾರ್ಜರ್ ಸಂತೆಯಲ್ಲಿ ಕೊಂಡದ್ದು. ಫೋನಿನ ಜೊತೆ ಬಂದಿದ್ದ ಚಾರ್ಜರ್ ಮಗನ ಜೊತೆ ಬೆಂಗಳೂರು ಸೇರಿತ್ತು.

ಬಂಧುಬಳಗದ ಫೋನುಗಳನ್ನು ನೋಡಿಕೊಳ್ಳುವ ಬಿಟ್ಟಿ ಚಾಕರಿ ನನ್ನ ಹೆಗಲಿಗೆ ಬಿದ್ದು ಹಲವು ವರ್ಷಗಳಾಗಿವೆ. ಬಂದವರೆಲ್ಲ ‘ಏನಾಗಿದೆ’ ಎಂದು ಹೇಳುತ್ತಾರೆ. ನನಗೆ ಬೇಕಾದದ್ದು ‘ಯಾವಾಗ ಆಗುತ್ತದೆ, ಯಾವಾಗ ಆಗುವುದಿಲ್ಲ’ ಎಂಬುದು. ಕೆಳಗಿನ ಕ್ರಮ ಪೂರ್ತಿ ಆ ಪ್ರಶ್ನೆಯ ಮೇಲೆಯೇ ನಿಂತಿದೆ. ನಾನು ಆಂಡ್ರಾಯ್ಡ್ ಫೋನುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಸೆಟ್ಟಿಂಗ್ಸ್‌ನಲ್ಲಿರುವ ಹೆಸರುಗಳು ಕಂಪನಿಯಿಂದ ಕಂಪನಿಗೆ ತುಸು ಬದಲಾಗುತ್ತವೆ. ಸೆಟ್ಟಿಂಗ್ಸ್‌ನ ಮೇಲ್ತುದಿಯ ಹುಡುಕುವ ಜಾಗದಲ್ಲಿ ಟೈಪ್ ಮಾಡಿದರೆ ಬೇಕಾದದ್ದು ಸಿಗುತ್ತದೆ.

ಹೆಜ್ಜೆ 1: ಒಂದು ಚೀಟಿ ಬರೆಯಿರಿ

ಮೂರು ದಿನ ಫೋನನ್ನು ಸರಿಪಡಿಸಲು ಹೋಗಬೇಡಿ. ತೊಂದರೆ ಬಂದಾಗಲೆಲ್ಲ ಸಮಯ, ಜಾಗ, ಚಾರ್ಜಿನಲ್ಲಿತ್ತೇ, ವೈಫೈಯಲ್ಲಿತ್ತೇ, ಬ್ಯಾಟರಿ ಶೇಕಡಾ ಎಷ್ಟಿತ್ತು, ಯಾವ ಆ್ಯಪ್ ತೆರೆದಿತ್ತು ಎಂದು ಒಂದೊಂದು ಸಾಲು ಗೀಚಿಡಿ. ತೊಂದರೆ ಶುರುವಾಗುವ ಹಿಂದಿನ ವಾರ ಹೊಸದಾಗಿ ಏನು ಬಂದಿತು ಎಂದೂ ನೆನಪಿಸಿಕೊಳ್ಳಿ: ಆ್ಯಪ್, ಅಪ್‌ಡೇಟ್, ಸಿಮ್, ಹಿಂಬದಿಯ ಕವರ್, ಪರದೆಯ ಗಾರ್ಡ್. ಮನೆಯ ಇತರರ ಫೋನುಗಳಿಗೂ ಹಾಗೆಯೇ ಆಗುತ್ತಿದೆಯೇ ಎಂದು ಕೇಳಿ ನೋಡಿ. ಹೌದಾದರೆ ನಿಮ್ಮ ಫೋನಿನ ತಪ್ಪಿಲ್ಲ.

ಈ ಚೀಟಿಯನ್ನು ಹಗುರವಾಗಿ ಕಾಣಬೇಡಿ. 2018ರ ಅಕ್ಟೋಬರ್‌ನಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಮೋರಿಸ್ ಆಸ್ಪತ್ರೆಯಲ್ಲಿ ಸುಮಾರು 40 ಐಫೋನ್‌ಗಳೂ ಆ್ಯಪಲ್ ವಾಚ್‌ಗಳೂ ಒಮ್ಮೆಗೇ ಸತ್ತುಬಿದ್ದವು. ಆಂಡ್ರಾಯ್ಡ್ ಫೋನುಗಳಿಗೆ ಏನೂ ಆಗಿರಲಿಲ್ಲ. ಎಲ್ಲಿ, ಯಾವಾಗ, ಯಾರ ಫೋನಿಗೆ ಮಾತ್ರ ಎಂದು ಹೊಂದಿಸಿ ನೋಡಿದಾಗ ಸಿಕ್ಕ ಕಳ್ಳ ಹೀಲಿಯಂ ಅನಿಲ! ಅಂದು ಅಲ್ಲಿ ಹೊಸ ಎಂಆರ್‌ಐ ಯಂತ್ರ ಕೂರಿಸುತ್ತಿದ್ದರು. ಅದರಿಂದ ಸೋರಿದ ಹೀಲಿಯಂ, ಐಫೋನಿನೊಳಗೆ ಗಡಿಯಾರದ ಮಿಡಿತ ಕೊಡುವ ಪುಟಾಣಿ ಸಿಲಿಕಾನ್ ಬಿಡಿಭಾಗದೊಳಕ್ಕೆ ನುಸುಳಿ ಮಿಡಿತವನ್ನೇ ನಿಲ್ಲಿಸಿತ್ತು. ಅನಿಲ ಹೊರಹೋದಂತೆ ಹೆಚ್ಚಿನವು ತಾವಾಗಿಯೇ ಬದುಕಿಕೊಂಡವು.

ಹೆಜ್ಜೆ 2: ಕೈಹಾಕುವ ಮೊದಲು ನಕಲು

ಫೋಟೋಗಳು, ಸಂಪರ್ಕ ಸಂಖ್ಯೆಗಳು, ವಾಟ್ಸ್‌ಆ್ಯಪ್ ಸಂಭಾಷಣೆಗಳು, ಈ ಮೂರರ ಬ್ಯಾಕಪ್ ಇವತ್ತೇ ಮಾಡಿ. ಗೂಗಲ್ ಖಾತೆ ಉಚಿತವಾಗಿ ಕೊಡುವುದು 15 ಜಿಬಿ. ಆಂಡ್ರಾಯ್ಡ್‌ನ ವಾಟ್ಸ್‌ಆ್ಯಪ್ ಬ್ಯಾಕಪ್ ಈಗ ಆ ಲೆಕ್ಕಕ್ಕೇ ಸೇರುವುದರಿಂದ, ಜಾಗ ತುಂಬಿ ಬ್ಯಾಕಪ್ ತಿಂಗಳುಗಟ್ಟಲೆ ನಿಂತುಹೋಗಿರುವುದು ಅನೇಕರಿಗೆ ತಿಳಿದೇ ಇರುವುದಿಲ್ಲ. ಕೊನೆಯ ಬ್ಯಾಕಪ್ ಯಾವ ದಿನಾಂಕದ್ದು ಎಂದು ಕಣ್ಣಾರೆ ನೋಡಿ. ಗೂಗಲ್ ಖಾತೆಯ ಪಾಸ್‌ವರ್ಡ್ ನೆನಪಿದೆಯೇ ಎಂದೂ ಈಗಲೇ ಪರೀಕ್ಷಿಸಿಕೊಳ್ಳಿ. ಇದು ಯಾಕೆಂದು ಮುಂದೆ ಗೊತ್ತಾಗುತ್ತದೆ.

ಹೆಜ್ಜೆ 3: ಆರಿಸಿ ಹಚ್ಚುವುದು

ನಗಬೇಡಿ. ತಿಂಗಳುಗಟ್ಟಲೆ ಆರಿಸದ ಫೋನಿನ ಸ್ಮರಣೆಯಲ್ಲಿ ಅರ್ಧಕ್ಕೆ ನಿಂತ ಕೆಲಸಗಳು ಬೀಡುಬಿಟ್ಟಿರುತ್ತವೆ. ಮೊಬೈಲ್ ಗೋಪುರದೊಂದಿಗಿನ ಸಂಪರ್ಕವೂ ಕೆಲವೊಮ್ಮೆ ಸಿಕ್ಕು ಹಾಕಿಕೊಂಡಿರುತ್ತದೆ. ಪರದೆಯನ್ನು ಕಪ್ಪಾಗಿಸುವುದು ಆರಿಸಿದಂತಲ್ಲ. ಪೂರ್ತಿ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡಿ. ಪರದೆ ಸ್ಪಂದಿಸದಿದ್ದರೆ ಪವರ್ ಗುಂಡಿಯನ್ನು, ಕೆಲವು ಫೋನುಗಳಲ್ಲಿ ಅದರ ಜೊತೆ ಧ್ವನಿ ತಗ್ಗಿಸುವ ಗುಂಡಿಯನ್ನೂ, 10ರಿಂದ 30 ಸೆಕೆಂಡು ಒತ್ತಿ ಹಿಡಿಯಿರಿ. ಇದರಿಂದ ಒಳಗಿನ ಯಾವ ಮಾಹಿತಿಯೂ ಅಳಿಸುವುದಿಲ್ಲ.

ಹೆಜ್ಜೆ 4: ಮೈಮೇಲಿನದನ್ನೆಲ್ಲ ಕಳಚಿ

ಇಲ್ಲಿ ನಿಯಮ ಒಂದೇ: ಒಂದು ಸಲಕ್ಕೆ ಒಂದೇ ಬದಲಾವಣೆ. ಚಾರ್ಜರ್, ಕೇಬಲ್, ಕವರ್ ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ತೊಂದರೆ ಹೋಗಬಹುದು, ಆದರೆ ಯಾವುದರಿಂದ ಹೋಯಿತೆಂದು ತಿಳಿಯದು. ಮುಂದಿನ ವಾರ ಅದೇ ತೊಂದರೆ ಮತ್ತೆ ಬಾಗಿಲು ಬಡಿಯುತ್ತದೆ.

ಮೊದಲು ಕೇಬಲ್, ಆಮೇಲೆ ಚಾರ್ಜರ್. ಕೇಬಲ್ ಸಡಿಲವಾಗಿ ಕೂರುತ್ತಿದ್ದರೆ, ಒಂದು ಕೋನದಲ್ಲಿ ಹಿಡಿದರೆ ಮಾತ್ರ ಚಾರ್ಜ್ ಆಗುತ್ತಿದ್ದರೆ ಫೋನಿನ ತಳದ ತೂತಿಗೆ ಟಾರ್ಚ್ ಬಿಡಿ. ಜೇಬಿನ ಬಟ್ಟೆಯ ನವಿರು ಒಳಗೆ ಒತ್ತಿ ಒತ್ತಿ ಹತ್ತಿಯ ಹಾಸಿಗೆಯಂತಾಗಿರುತ್ತದೆ. ಫೋನ್ ಆರಿಸಿ, ಮರದ ಹಲ್ಲುಕಡ್ಡಿಯಿಂದ ತೂತಿನ ಒಳಗೋಡೆಯ ಬದಿಯಲ್ಲಿ ನಿಧಾನವಾಗಿ ಕೆದಕಿ ತೆಗೆಯಿರಿ. ಸೂಜಿ, ಸೇಫ್ಟಿ ಪಿನ್ ಬೇಡ. “ಚಾರ್ಜಿಂಗ್ ಬೋರ್ಡ್ ಹೋಗಿದೆ” ಎಂದು ಅಂಗಡಿಯವರು ಹೇಳಿದ್ದ ಎರಡು ಫೋನುಗಳು ನನ್ನ ಕೈಯಲ್ಲಿ ಹಲ್ಲುಕಡ್ಡಿಯಿಂದಲೇ ಗುಣವಾಗಿವೆ.

ತೇವಾಂಶದ ಎಚ್ಚರಿಕೆ ಬಂದರೆ ಕೇಬಲ್ ತೆಗೆದು, ತೂತು ಕೆಳಮುಖವಾಗುವಂತೆ ಹಿಡಿದು ಅಂಗೈಗೆ ಮೆಲ್ಲನೆ ತಟ್ಟಿ, ಗಾಳಿಯಾಡುವ ಕಡೆ ಇಡಿ. ಅಕ್ಕಿ ಡಬ್ಬಿಯಲ್ಲಿ ಹೂತಿಡುವ ಪದ್ಧತಿಯನ್ನು ಬಿಟ್ಟುಬಿಡಿ. ಅಕ್ಕಿಯ ನುಣ್ಣನೆಯ ಹುಡಿ ಒಳಗೆ ಸೇರಿ ಹಾನಿ ಮಾಡಬಹುದೆಂದು ಆ್ಯಪಲ್ ಕಂಪನಿಯೇ ತನ್ನ ಬಳಕೆದಾರರನ್ನು ಎಚ್ಚರಿಸಿದೆ. ಅಕ್ಕಿ ಅನ್ನಕ್ಕಿರಲಿ.

ಕರೆ ಮಾಡುವಾಗ ಪರದೆ ಕಪ್ಪಾಗಿ, ಕಿವಿಯಿಂದ ತೆಗೆದರೂ ಬೆಳಕಾಗುವುದಿಲ್ಲವೇ? ಮೇಲ್ತುದಿಯಲ್ಲಿ ಮುಖ ಹತ್ತಿರವಿದೆಯೇ ಎಂದು ನೋಡುವ ಸಂವೇದಕ ಇರುತ್ತದೆ. ಹೊಸ ಗಾರ್ಡಿನ ಅಂಚು ಅಥವಾ ಕೆನ್ನೆಯ ಎಣ್ಣೆ ಅದನ್ನು ಮುಚ್ಚಿದರೆ ಫೋನು ಇನ್ನೂ ಕಿವಿಗೇ ಅಂಟಿದೆ ಎಂದುಕೊಳ್ಳುತ್ತದೆ. ಒರೆಸಿ ನೋಡಿ, ಹೋಗದಿದ್ದರೆ ಗಾರ್ಡ್ ಕಿತ್ತು ನೋಡಿ. ಆ ಕಡೆಯವರಿಗೆ ನಿಮ್ಮ ಧ್ವನಿ ಕೇಳಿಸದಿದ್ದರೆ ಧ್ವನಿಮುದ್ರಣದ ಆ್ಯಪಿನಲ್ಲಿ ಒಂದು ವಾಕ್ಯ ಮಾತನಾಡಿ ಕೇಳಿಸಿಕೊಳ್ಳಿ. ಅಲ್ಲೂ ಗುಸುಗುಸು ಎಂದರೆ ತಳದ ಮೈಕಿನ ರಂಧ್ರದಲ್ಲಿ ಧೂಳಿದೆ ಅಥವಾ ಕವರ್ ಅದನ್ನು ಮುಚ್ಚಿದೆ. ಅಲ್ಲಿ ಸ್ಪಷ್ಟವಾಗಿದ್ದರೆ ಮೈಕ್ ಬದುಕಿದೆ, ನೆಟ್‌ವರ್ಕ್ ಕಡೆ ನೋಡಿ.

ಬೈಕಿನ ಹ್ಯಾಂಡಲ್‌ಗೆ ಫೋನ್ ಸಿಕ್ಕಿಸಿ ಓಡಾಡುವವರಿಗೆ ಒಂದು ಮಾತು. ಕ್ಯಾಮೆರಾ ಇದ್ದಕ್ಕಿದ್ದಂತೆ ನಡುಗಲು, ಗಿರ್ ಎನ್ನಲು, ಚಿತ್ರ ಮಸುಕಾಗಲು ಎಂಜಿನ್ನಿನ ಕಂಪನ ಕಾರಣವಿರಬಹುದು. ಕೈ ಅಲುಗಿದರೂ ಚಿತ್ರ ಅಲುಗದಂತೆ ಲೆನ್ಸನ್ನು ತೇಲಿಸಿಡುವ ವ್ಯವಸ್ಥೆ ಆ ಕಂಪನಕ್ಕೆ ಕ್ರಮೇಣ ಸೋಲುತ್ತದೆ. ಆ್ಯಪಲ್ 2021ರಲ್ಲಿ ಹೀಗೆಂದು ಬಹಿರಂಗವಾಗಿಯೇ ಹೇಳಿತು. ದಿನವಿಡೀ ಬೆಂಗಳೂರಿನ ಗುಂಡಿಗಳಲ್ಲಿ ಊಟ ತಲುಪಿಸುವವರ ಫೋನುಗಳ ಪಾಡು ಕೇಳುವುದೇ ಬೇಡ. ಇದಕ್ಕೆ ಸೆಟ್ಟಿಂಗ್ಸ್‌ನಲ್ಲಿ ಮದ್ದಿಲ್ಲ.

ಹೆಜ್ಜೆ 5: ಜಾಗ, ಗಡಿಯಾರ

ಸ್ಟೋರೇಜ್ ಶೇಕಡಾ 90 ದಾಟಿದ್ದರೆ ಬೇರೆ ಕಾರಣ ಹುಡುಕುವ ಮೊದಲು ಅದನ್ನು ಇಳಿಸಿ. ಒಳಗೆ ಉಸಿರಾಡಲು ಜಾಗವಿಲ್ಲದ ಫೋನು ತಡವರಿಸುತ್ತದೆ, ಆ್ಯಪ್‌ಗಳು ತೆರೆದೊಡನೆ ಮುಚ್ಚುತ್ತವೆ, ಕ್ಯಾಮೆರಾ ಫೋಟೋ ಉಳಿಸುವುದಿಲ್ಲ. ವಾಟ್ಸ್‌ಆ್ಯಪ್‌ನ ಸ್ಟೋರೇಜ್ ಪುಟದಲ್ಲಿ ದೊಡ್ಡ ವಿಡಿಯೊಗಳನ್ನು ಸಾಲಾಗಿ ತೋರಿಸುತ್ತದೆ. ಮುಕ್ಕಾಲು ಪಾಲು ಹೊರೆ ಶುಭೋದಯದ ಸಂದೇಶಗಳು ಮತ್ತು ಮದುವೆಯ ವಿಡಿಯೊಗಳದ್ದೇ.

ಸಿಗ್ನಲ್ ಪೂರ್ತಿ ಇದ್ದರೂ ಬ್ಯಾಂಕ್ ಆ್ಯಪ್ ತೆರೆಯುವುದಿಲ್ಲ, ಬ್ರೌಸರ್ ಸಂಪರ್ಕ ಸುರಕ್ಷಿತವಲ್ಲ ಎನ್ನುತ್ತದೆ ಎಂದಾದರೆ ದಿನಾಂಕ ನೋಡಿ. ಜಾಲತಾಣಗಳ ಸುರಕ್ಷತಾ ಪ್ರಮಾಣಪತ್ರಗಳಿಗೆ ಅವಧಿ ಇರುತ್ತದೆ. ನಿಮ್ಮ ಫೋನು ಹಳೆಯ ವರ್ಷದಲ್ಲಿ ನಿಂತಿದ್ದರೆ ಅವೆಲ್ಲ ಅಸಿಂಧುವಾಗಿ ಕಾಣುತ್ತವೆ. ದಿನಾಂಕ ಮತ್ತು ಸಮಯವನ್ನು ‘ಸ್ವಯಂಚಾಲಿತ’ ಮಾಡಿ. ಆಟದಲ್ಲಿ ಬೇಗ ಜೀವ ಗಳಿಸಲು ಮಕ್ಕಳು ಗಡಿಯಾರ ಮುಂದೋಡಿಸುವುದುಂಟು; ನಮ್ಮ ಮನೆಯ ಕಳ್ಳನನ್ನು ನಾನು ಹಿಡಿದದ್ದು ಹಾಗೆ.

ಹೆಜ್ಜೆ 6: ಸೇಫ್ ಮೋಡ್

ಈ ಮಾರ್ಗದರ್ಶಿಯಲ್ಲಿ ಒಂದೇ ಹೆಜ್ಜೆ ನೆನಪಿಡುವುದಾದರೆ ಇದನ್ನು ನೆನಪಿಡಿ. ಸೇಫ್ ಮೋಡ್‌ನಲ್ಲಿ ಫೋನು ತನ್ನೊಂದಿಗೆ ಬಂದ ಆ್ಯಪ್‌ಗಳನ್ನು ಮಾತ್ರ ಓಡಿಸುತ್ತದೆ. ನೀವು ಹಾಕಿಕೊಂಡವು ಮಲಗಿರುತ್ತವೆ, ಅಳಿಸಿಹೋಗುವುದಿಲ್ಲ. ಪವರ್ ಮೆನು ತೆರೆದು, ಪರದೆಯ ಮೇಲೆ ಕಾಣುವ ‘ಪವರ್ ಆಫ್’ ಚಿತ್ರವನ್ನು ಬೆರಳಿನಿಂದ ಒತ್ತಿಯೇ ಹಿಡಿಯಿರಿ. ಸೇಫ್ ಮೋಡ್‌ಗೆ ಹೋಗಬೇಕೇ ಎಂದು ಕೇಳುತ್ತದೆ. ಹಾಗೆ ಕೇಳದ ಫೋನುಗಳಲ್ಲಿ ಆರಿಸಿ ಹಚ್ಚುವಾಗ ಕಂಪನಿಯ ಹೆಸರು ಮೂಡಿದೊಡನೆ ಧ್ವನಿ ತಗ್ಗಿಸುವ ಗುಂಡಿ ಒತ್ತಿ ಹಿಡಿದರೆ ಆಗುತ್ತದೆ. ಪರದೆಯ ಮೂಲೆಯಲ್ಲಿ ‘ಸೇಫ್ ಮೋಡ್’ ಎಂದು ಕಾಣಿಸುತ್ತದೆ. ಹಿಂದಿರುಗಲು ರೀಸ್ಟಾರ್ಟ್ ಸಾಕು. ಮುಖಪುಟದ ಕೆಲವು ವಿಜೆಟ್‌ಗಳು ಮಾಯವಾಗಬಹುದು, ಗಾಬರಿ ಬೇಡ.

ಅರ್ಧ ದಿನ ಹಾಗೆಯೇ ಬಳಸಿ. ತೊಂದರೆ ಹೋಯಿತೇ? ಹಾಗಾದರೆ ಕಳ್ಳ ನೀವೇ ಒಳಗೆ ಬಿಟ್ಟುಕೊಂಡ ಆ್ಯಪ್. ಮಾಮೂಲಿ ಸ್ಥಿತಿಗೆ ಬಂದು, ಇತ್ತೀಚೆಗೆ ಹಾಕಿದ್ದರಿಂದ ಹಿಂದಕ್ಕೆ ಹೋಗುತ್ತ ಒಂದೊಂದನ್ನೇ ತೆಗೆದು ನೋಡಿ. ನನ್ನ ಅನುಭವದಲ್ಲಿ ಮೊದಲ ಅನುಮಾನಿತರು ‘ಕ್ಲೀನರ್’, ‘ಬೂಸ್ಟರ್’, ‘ಬ್ಯಾಟರಿ ಸೇವರ್’ ಎಂಬ ಹೆಸರಿನವು, ಬಣ್ಣಬಣ್ಣದ ಕೀಬೋರ್ಡ್‌ಗಳು, ಮತ್ತು ಪ್ಲೇ ಸ್ಟೋರ್ ಬಿಟ್ಟು ಲಿಂಕ್ ಒತ್ತಿ ನೇರವಾಗಿ ಹಾಕಿಕೊಂಡ ಆ್ಯಪ್‌ಗಳು, ಅಂದರೆ ಎಪಿಕೆ ಕಡತಗಳು. ಫೋನ್ ಬಳಸದಿದ್ದಾಗಲೂ ಪೂರ್ತಿ ಪರದೆಯ ಜಾಹೀರಾತು ಬರುತ್ತಿದ್ದರೆ ಇವುಗಳಲ್ಲಿ ಒಂದು ಇರುವ ಸಾಧ್ಯತೆಯೇ ಹೆಚ್ಚು. ತೆಗೆಯಲು ಬಿಡದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ‘ಡಿವೈಸ್ ಅಡ್ಮಿನ್’ ಎಂದು ಹುಡುಕಿ, ಅದಕ್ಕೆ ಕೊಟ್ಟಿರುವ ಅಧಿಕಾರ ಕಿತ್ತುಕೊಂಡು ಆಮೇಲೆ ತೆಗೆಯಿರಿ. ಅದು ಎಪಿಕೆಯಾಗಿದ್ದರೆ ಬ್ಯಾಂಕ್ ಪಾಸ್‌ವರ್ಡುಗಳನ್ನು ಬೇರೊಂದು ಫೋನಿನಿಂದ ಬದಲಾಯಿಸಿ.

ಕೆಲವೊಮ್ಮೆ ತಪ್ಪು ನಿಮ್ಮದೂ ಅಲ್ಲ, ಆ್ಯಪಿನದೂ ಅಲ್ಲ. 2021ರ ಮಾರ್ಚ್‌ನಲ್ಲಿ ಜಗತ್ತಿನಾದ್ಯಂತ ಆಂಡ್ರಾಯ್ಡ್ ಫೋನುಗಳಲ್ಲಿ ಜಿಮೇಲ್ ಸೇರಿದಂತೆ ಹಲವು ಆ್ಯಪ್‌ಗಳು ತೆರೆದೊಡನೆ ಬೀಳತೊಡಗಿದವು. ಆ್ಯಪಿನೊಳಗೆ ಜಾಲಪುಟ ತೋರಿಸುವ ‘ಆಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂ’ ಎಂಬ ತೆರೆಮರೆಯ ಘಟಕ ಕೆಟ್ಟಿತ್ತು. ಗೂಗಲ್ ಕಳಿಸಿದ ಹೊಸ ಆವೃತ್ತಿಯಿಂದ ಸರಿಹೋಯಿತು. ಒಂದೇ ದಿನ ಹಲವು ಆ್ಯಪ್‌ಗಳು ಒಟ್ಟಿಗೆ ಕೆಟ್ಟರೆ ಪ್ಲೇ ಸ್ಟೋರ್‌ನಲ್ಲಿ ವೆಬ್‌ವ್ಯೂ ಮತ್ತು ಕ್ರೋಮ್ ಎರಡಕ್ಕೂ ಅಪ್‌ಡೇಟ್ ಇದೆಯೇ ನೋಡಿ, ಒಂದು ದಿನ ತಾಳಿ.

ಹೆಜ್ಜೆ 7: ಸೋರುವ ಬ್ಯಾಟರಿ

ಒಂದು ರಾತ್ರಿ ಏರ್‌ಪ್ಲೇನ್ ಮೋಡ್ ಹಾಕಿ ಮಲಗಿ. ಮಲಗುವಾಗ ಮತ್ತು ಎದ್ದಾಗ ಶೇಕಡಾ ಎಷ್ಟಿತ್ತೆಂದು ಬರೆಯಿರಿ. ಮರುರಾತ್ರಿ ಮಾಮೂಲಿನಂತೆ ಬಿಟ್ಟು ಅದನ್ನೇ ಮಾಡಿ. ಎರಡೂ ರಾತ್ರಿ ಒಂದೇ ಸಮ ಹೆಚ್ಚು ಇಳಿದರೆ ಬ್ಯಾಟರಿ ಮುದಿಯಾಗಿದೆ, ಇಲ್ಲವೇ ಒಳಗೆ ಏನೋ ಎಚ್ಚರವಾಗಿಯೇ ಇದೆ. ಎರಡನೆಯ ರಾತ್ರಿ ಮಾತ್ರ ಇಳಿದರೆ ಸಿಗ್ನಲ್ ಅಥವಾ ಇಂಟರ್ನೆಟ್ ಎಳೆಯುವ ಆ್ಯಪ್. ಮಲೆನಾಡಿನ ಮನೆಗಳಲ್ಲಿ ಹೆಚ್ಚಾಗಿ ಸಿಗ್ನಲ್ಲೇ ಕಾರಣ. ಗೋಪುರ ದೂರವಿದ್ದಷ್ಟೂ ಫೋನು ಗಟ್ಟಿಯಾಗಿ ಕೂಗಬೇಕು, ಕೂಗಿದಷ್ಟೂ ಬ್ಯಾಟರಿ ಖರ್ಚು. 5ಜಿ ಬಂದು ಹೋಗಿ ಮಾಡುವ ಕಡೆ ನೆಟ್‌ವರ್ಕ್ ಬಗೆಯನ್ನು 4ಜಿಗೆ ಕಟ್ಟಿಹಾಕಿ, ಮನೆಯಲ್ಲಿ ವೈಫೈ ಇದ್ದರೆ ವೈಫೈ ಕಾಲಿಂಗ್ ಹಚ್ಚಿ.

ಶೇಕಡಾ 20 ತೋರಿಸುತ್ತಿದ್ದಂತೆ ಫೋನು ತಟ್ಟನೆ ಆರುತ್ತದೆಯೇ? ಮುದಿ ಬ್ಯಾಟರಿ, ಕ್ಯಾಮೆರಾದಂತಹ ಭಾರದ ಕೆಲಸ ಬಂದಾಗ ಬೇಕಾದಷ್ಟು ವೋಲ್ಟೇಜ್ ಕೊಡಲಾರದು. ಆ್ಯಪಲ್ ಹೀಗೆ ಆರುವುದನ್ನು ತಪ್ಪಿಸಲು ಹಳೆಯ ಬ್ಯಾಟರಿಯ ಐಫೋನ್‌ಗಳನ್ನು ಸದ್ದಿಲ್ಲದೆ ನಿಧಾನಗೊಳಿಸಿದ್ದನ್ನು 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಬ್ಯಾಟರಿ ಬದಲಿಸಿದರೆ ಫೋನಿಗೆ ಮತ್ತೆ ಪ್ರಾಯ ಬರುತ್ತದೆ.

ಬಿಸಿಯಾದ ಫೋನನ್ನು ಫ್ರಿಜ್ಜಿನಲ್ಲಿಡಬೇಡಿ. ಒಳಗೆ ನೀರು ಹನಿಗಟ್ಟುತ್ತದೆ. ಕವರ್ ತೆಗೆದು ನೆರಳಿನಲ್ಲಿಡಿ. ಪರದೆ ಒಂದು ಬದಿಯಲ್ಲಿ ಎದ್ದಂತೆ, ಹಿಂಬದಿ ಉಬ್ಬಿದಂತೆ ಕಂಡರೆ ಮಾತ್ರ ಎಲ್ಲ ಪ್ರಯೋಗ ನಿಲ್ಲಿಸಿ: ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ, ಆರಿಸಿ ನೇರ ರಿಪೇರಿಗೆ ಒಯ್ಯಿರಿ. ಊದಿದ ಬ್ಯಾಟರಿಗೆ ಬೆಂಕಿ ಹತ್ತಬಲ್ಲದು.

ಹೆಜ್ಜೆ 8: ಬಾರದ ಕರೆ, ಬಾರದ ಓಟಿಪಿ

“ನೂರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ” ಎಂಬ ಜಗಳಗಳ ಹಿಂದೆ ಬಹುಪಾಲು ‘ಡು ನಾಟ್ ಡಿಸ್ಟರ್ಬ್’ ಇರುತ್ತದೆ. ಫೋನ್ ಬೋರಲು ಹಾಕಿದರೆ ಮೌನವಾಗುವ, ರಾತ್ರಿಯಿಂದ ಬೆಳಗಿನವರೆಗೆ ತಾನಾಗಿ ಮೌನವಾಗುವ ಸೌಲಭ್ಯಗಳನ್ನು ಯಾರೋ ಎಂದೋ ಹಚ್ಚಿರುತ್ತಾರೆ. ಅದಲ್ಲದಿದ್ದರೆ ಕರೆ ಸೆಟ್ಟಿಂಗ್ಸ್‌ನಲ್ಲಿ ಕಾಲ್ ಫಾರ್ವರ್ಡಿಂಗ್ ನೋಡಿ. ‘ಯಾವಾಗಲೂ’ ಎಂಬ ಸಾಲಿನಲ್ಲಿ ನಿಮಗೆ ಗೊತ್ತಿಲ್ಲದ ಸಂಖ್ಯೆ ಇದ್ದರೆ ತಕ್ಷಣ ತೆಗೆಯಿರಿ. ಕೊರಿಯರ್‌ನವರೆಂದೋ ಮೊಬೈಲ್ ಕಂಪನಿಯವರೆಂದೋ ಹೇಳಿಕೊಂಡು *401* ಅಥವಾ *21* ಒತ್ತಿ ಒಂದು ಸಂಖ್ಯೆ ಸೇರಿಸಿ ಡಯಲ್ ಮಾಡಿ ಎನ್ನುವವರು ನಿಮ್ಮ ಕರೆಗಳನ್ನು ತಮ್ಮತ್ತ ತಿರುಗಿಸಿಕೊಳ್ಳುತ್ತಾರೆ. ಇದೇ ಕಾರಣಕ್ಕೆ *401# ಸೌಲಭ್ಯವನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸುವಂತೆ ದೂರಸಂಪರ್ಕ ಇಲಾಖೆ ಆದೇಶಿಸಿತು.

ಓಟಿಪಿ ಬಾರದಿದ್ದರೆ ಸಂದೇಶ ಆ್ಯಪಿನ ‘ಸ್ಪ್ಯಾಮ್ ಮತ್ತು ನಿರ್ಬಂಧಿತ’ ಕಡತ ತೆರೆಯಿರಿ. ಅಲ್ಲಿ ಹತ್ತಾರು ಓಟಿಪಿಗಳು ಸೆರೆಯಲ್ಲಿರುವುದನ್ನು ಕಂಡಿದ್ದೇನೆ. ಅದೇ ಸಂಖ್ಯೆಗೆ ಈಗಷ್ಟೇ ಹೊಸ ಸಿಮ್ ಪಡೆದಿದ್ದರೆ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ. ಸಿಮ್ ಕಳ್ಳರನ್ನು ತಡೆಯಲು ಸರ್ಕಾರವೇ ಹಾಕಿದ ತಡೆ ಅದು, ಕಾಯದೆ ವಿಧಿಯಿಲ್ಲ. ನೀವು ಬದಲಿಸದೆಯೇ ಸಿಮ್ ಇದ್ದಕ್ಕಿದ್ದಂತೆ ಸಿಗ್ನಲ್ ಕಳೆದುಕೊಂಡು, ಅಕ್ಕಪಕ್ಕದಲ್ಲಿ ಅದೇ ಕಂಪನಿಯ ಸಿಮ್‌ಗಳು ಸರಿಯಿದ್ದರೆ ನಿಮ್ಮ ಸಂಖ್ಯೆಯನ್ನು ಬೇರೆಯವರು ಎತ್ತಿಕೊಂಡಿರಬಹುದು. ಬೇರೆ ಫೋನಿನಿಂದ ಮೊದಲು ಮೊಬೈಲ್ ಕಂಪನಿಗೆ, ಆಮೇಲೆ ಬ್ಯಾಂಕಿಗೆ ಕರೆ ಮಾಡಿ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ.

ಇನ್ನೊಂದು ಕಾಟ: ಜೇಬಿನಲ್ಲಿ ಫೋನು ನಡುಗಿದಂತಾಗಿ ತೆಗೆದು ನೋಡಿದರೆ ಏನೂ ಇರುವುದಿಲ್ಲ. ಕೆಲವೊಮ್ಮೆ ಜೇಬಿನಲ್ಲಿ ಫೋನೇ ಇರುವುದಿಲ್ಲ! ಅದು ನಮ್ಮದೇ ಭ್ರಮೆ, ಅದಕ್ಕೆ ಸೇಫ್ ಮೋಡ್ ನಾಟದು.

ಹೆಜ್ಜೆ 9: ರೀಸೆಟ್, ಕಡೆಗೆ

ಕರೆ, ಡೇಟಾ, ಬ್ಲೂಟೂತ್ ತೊಂದರೆಗಳಿಗೆ ಮೊದಲು ‘ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್’ ಮಾತ್ರ ಮಾಡಿ. ಉಳಿಸಿಟ್ಟ ವೈಫೈ ಪಾಸ್‌ವರ್ಡುಗಳೂ ಬ್ಲೂಟೂತ್ ಜೋಡಿಗಳೂ ಹೋಗುತ್ತವೆ, ಫೋಟೋಗಳು ಹೋಗುವುದಿಲ್ಲ. ಅದಕ್ಕೂ ಬಗ್ಗದಿದ್ದರೆ ಫ್ಯಾಕ್ಟರಿ ರೀಸೆಟ್. ಗೂಗಲ್ ಪಾಸ್‌ವರ್ಡ್ ಕೇಳಿದ್ದು ಇದಕ್ಕೇ: ಪರದೆಗೆ ಬೀಗವಿದ್ದ ಫೋನನ್ನು ಗುಂಡಿಗಳನ್ನು ಒತ್ತಿ ರೀಸೆಟ್ ಮಾಡಿದರೆ, ಹಿಂದಿನ ಖಾತೆಯ ಪಾಸ್‌ವರ್ಡ್ (ಕೆಲವು ಫೋನುಗಳಲ್ಲಿ ಪರದೆಯ ಹಳೆಯ ಪಿನ್) ಕೊಡದೆ ಅದು ತೆರೆಯುವುದೇ ಇಲ್ಲ. ಕಳ್ಳರಿಗೆಂದು ಮಾಡಿದ ಬೀಗ ಮರೆವಿನವರನ್ನೂ ಹೊರಗೇ ನಿಲ್ಲಿಸುತ್ತದೆ. ಯುಪಿಐ ಆ್ಯಪ್‌ಗಳಲ್ಲಿ ಮತ್ತೆ ನೋಂದಾಯಿಸಬೇಕಾಗುತ್ತದೆ, ಸಿಮ್ ಕೈಯಲ್ಲಿರಲಿ.

ರೀಸೆಟ್ ಆದ ಮೇಲೆ ಎಲ್ಲರೂ ಮಾಡುವ ತಪ್ಪೆಂದರೆ ಹಳೆಯ ಆ್ಯಪ್‌ಗಳನ್ನೆಲ್ಲ ಒಂದೇ ಏಟಿಗೆ ಮರಳಿಸುವುದು. ಒಂದು ದಿನ ಫೋನನ್ನು ಬೋಳಾಗಿಯೇ ಬಳಸಿ. ಬೋಳು ಫೋನಿನಲ್ಲೂ ತೊಂದರೆ ಇದ್ದರೆ ಯಂತ್ರಭಾಗ ಕೆಟ್ಟಿದೆ. ಇಲ್ಲದಿದ್ದರೆ ದಿನಕ್ಕೆ ನಾಲ್ಕಾರು ಆ್ಯಪ್‌ಗಳಂತೆ ಹಾಕುತ್ತ ಬನ್ನಿ.

ಹೆಜ್ಜೆ 10: ಅಂಗಡಿಗೆ

ಮೂರು ದಿನದ ಚೀಟಿಯನ್ನು ಜೊತೆಗೆ ಒಯ್ಯಿರಿ. “ಸ್ವಲ್ಪ ತೊಂದರೆ ಕೊಡುತ್ತದೆ” ಎಂದರೆ ಅವರಿಗೆ ತೋಚಿದ್ದನ್ನು ಬದಲಿಸುತ್ತಾರೆ. “ಸೇಫ್ ಮೋಡ್‌ನಲ್ಲೂ, ರೀಸೆಟ್ ಆದ ಮೇಲೂ, ಬೇರೆ ಚಾರ್ಜರಿನಲ್ಲೂ ಹೀಗೆಯೇ ಆಗುತ್ತದೆ” ಎಂದರೆ ಪರೀಕ್ಷಿಸುತ್ತಾರೆ. *#06# ಒತ್ತಿ ಬರುವ ಐಎಂಇಐ ಸಂಖ್ಯೆ, ಅಂದರೆ ಆ ಫೋನಿಗಷ್ಟೇ ಇರುವ ಗುರುತಿನ ಸಂಖ್ಯೆ, ಬರೆದಿಟ್ಟುಕೊಂಡು, ರಸೀದಿಯಲ್ಲೂ ಅದನ್ನೇ ನಮೂದಿಸಿ ಎನ್ನಿ. ಸಿಮ್, ಮೆಮೊರಿ ಕಾರ್ಡ್ ತೆಗೆದುಕೊಳ್ಳಿ. ಫೋಟೋ, ಸಂದೇಶಗಳನ್ನು ಮುಚ್ಚಿಟ್ಟು ಪರೀಕ್ಷೆಗೆ ಮಾತ್ರ ತೆರೆದುಕೊಡುವ ‘ಮೇಂಟೆನೆನ್ಸ್ ಮೋಡ್’ ಅಥವಾ ‘ರಿಪೇರಿ ಮೋಡ್’ ನಿಮ್ಮ ಫೋನಿನಲ್ಲಿದ್ದರೆ ಹಚ್ಚಿ ಕೊಡಿ. ಇಲ್ಲದಿದ್ದರೆ ಪಿನ್ ಬರೆದುಕೊಡುವ ಮೊದಲು ಯುಪಿಐ ಆ್ಯಪ್‌ಗಳನ್ನು ತೆಗೆದುಹಾಕಿ.

ಪರದೆ ಬದಲಿಸಬೇಕೆಂದರೆ ‘ಕಾಂಬೊ’ ಎಂಬ ಮಾತು ಬರುತ್ತದೆ: ಡಿಸ್‌ಪ್ಲೇ ಮತ್ತು ಟಚ್ ಗಾಜು ಒಂದಾಗಿ ಅಂಟಿಸಿದ ಸೆಟ್. ಅದು ಕಂಪನಿಯದ್ದೇ ಅಥವಾ ಬೇರೆಯವರು ಮಾಡಿದ್ದೇ, ಎಷ್ಟು ದಿನದ ವಾರಂಟಿ ಎಂದು ಕೇಳಿ ರಸೀದಿಯಲ್ಲಿ ಬರೆಸಿ. ಕಳಚಿದ ಹಳೆಯ ಭಾಗ ವಾಪಸ್ ಬೇಕೆಂದು ಮೊದಲೇ ಹೇಳಿ. ಫೋನ್ ಕೈಗೆ ಬಂದೊಡನೆ ಅಂಗಡಿಯ ಮುಂದೆಯೇ ನಿಂತು ಒಂದು ಕರೆ ಮಾಡಿ, ಹಿಂದೆ ಮುಂದೆ ಎರಡೂ ಕ್ಯಾಮೆರಾದಲ್ಲಿ ಫೋಟೋ ತೆಗೆಯಿರಿ, ಚಾರ್ಜಿಗೆ ಹಾಕಿ ಪರದೆಯ ನಾಲ್ಕೂ ಮೂಲೆಗಳಲ್ಲಿ ಬೆರಳಾಡಿಸಿ ನೋಡಿ. ಚಾರ್ಜಿಗೆ ಹಾಕುವಾಗ ನಿಮ್ಮ ಮನೆಯ ಚಾರ್ಜರನ್ನೇ ಬಳಸಿ.